ಪಂಪ್ ಕೊಳ್ಳಿ, ಟೇಬಲ್ ಕಟ್ಟೋಕೆ ನಮಗೆ ಬಿಡಿ

ನಮ್ಮ ವರ್ಕ್‌ಶಾಪ್‌ನ ಸಿಎನ್‌ಸಿ ರೌಟರ್‌ಗೆ ವ್ಯಾಕ್ಯೂಮ್ ಟೇಬಲ್ ತರಿಸಬೇಕು ಅಂತ ಡಿಪಾರ್ಟ್‌ಮೆಂಟ್‌ನಲ್ಲಿ ಮಾತು ನಡೀತಿದೆ. ಕೊಟೇಶನ್‌ಗಳೂ ಬಂದಿವೆ. ಆ ಮೆಷಿನ್ ಮುಂದೆ ವಾರಕ್ಕೆ ಎರಡು ಮೂರು ಮಧ್ಯಾಹ್ನ ಕಳೆಯೋ ಸೆಕೆಂಡ್ ಇಯರ್ ಹುಡುಗ ಹುಡುಗಿಯರು ನಾವು. ನಮ್ಮನ್ನ ಯಾರಾದರೂ ಕೇಳಿದ್ದರೆ ಒಂದೇ ಮಾತು ಹೇಳ್ತಿದ್ವಿ: ಪಂಪ್ ಕೊಳ್ಳಿ, ಟೇಬಲ್ ಕೊಳ್ಳಬೇಡಿ, ಟೇಬಲ್ ನಾವು ಕಟ್ತೀವಿ. ಯಾರೂ ಕೇಳಲಿಲ್ಲ. ಅದಕ್ಕೇ ಸಂಘದ ಪತ್ರಿಕೆಯಲ್ಲಿ ಬರೀತಿದ್ದೀವಿ.

ಬೇರೆ ಬ್ರಾಂಚ್‌ನವರಿಗೆ ಒಂದು ಮಾತು. ಕಂಪ್ಯೂಟರ್ ಸೈನ್ಸ್ ಗೆಳೆಯರೇ, ಇದು ವೈಫೈ ಡಬ್ಬ ಅಲ್ಲ. ಚಪ್ಪಟೆ ಹಾಸಿನ ಮೇಲೆ ಒಂದು ಗ್ಯಾಂಟ್ರಿ ಹಿಂದೆ ಮುಂದೆ ಓಡಾಡುತ್ತೆ. ಅದಕ್ಕೆ ಕಟ್ಟಿರೋ ಸ್ಪಿಂಡಲ್ ನಿಮಿಷಕ್ಕೆ 18000 ಸುತ್ತು ತಿರುಗುತ್ತೆ. ತುದಿಯಲ್ಲಿ 6 ಮಿ.ಮೀ. ದಪ್ಪದ ಬಿಟ್. ಪ್ಲೈವುಡ್, ಎಂಡಿಎಫ್, ಅಕ್ರಿಲಿಕ್ ಯಾವುದನ್ನ ಇಟ್ಟರೂ ಬರೆದ ಗೆರೆ ಮೇಲೆ ಕೊಯ್ದುಕೊಂಡು ಹೋಗುತ್ತೆ. ಕೊಯ್ಯೋದನ್ನ ನಮಗೆ ಚೆನ್ನಾಗಿಯೇ ಕಲಿಸಿದ್ದಾರೆ. ಫೀಡ್ ಎಷ್ಟು, ಸ್ಪೀಡ್ ಎಷ್ಟು, ಜಿ ಕೋಡ್ ಹೇಗೆ, ಎಲ್ಲಾ ಆಯ್ತು. ಕೊಯ್ಯೋವಾಗ ಶೀಟ್ ಅಲುಗದೆ ಇರೋದು ಹೇಗೆ ಅನ್ನೋದಕ್ಕೆ ಮಾತ್ರ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಇರೋದು ಒಂದೇ ಸಾಲು: ಜಾಬ್ ಅನ್ನು ಬಿಗಿಯಾಗಿ ಹಿಡಿಸಿ.

ಆ ಒಂದು ಸಾಲಿಗೆ ಮೂರು ಗಂಟೆ ಲ್ಯಾಬ್‌ನಲ್ಲಿ ಮುಕ್ಕಾಲು ಗಂಟೆ ಹೋಗುತ್ತೆ. ಕ್ಲ್ಯಾಂಪ್ ಹಾಕಿದರೆ ಅಂಚು ಮಾತ್ರ ಹಿಡಿಯುತ್ತೆ, ನಡುವೆ ಶೀಟ್ ಉಬ್ಬಿಕೊಂಡು ನಿಲ್ಲುತ್ತೆ, ಬಿಟ್ ದಾರಿಗೆ ಕ್ಲ್ಯಾಂಪೇ ಅಡ್ಡ ಬರುತ್ತೆ. ಸ್ಕ್ರೂ ಹೊಡೆದರೆ ಹಾಸೆಲ್ಲಾ ತೂತು. ಡಬಲ್ ಸೈಡ್ ಟೇಪ್ ಆಮೇಲೆ ಕೀಳೋಕೆ ಕೂತರೆ ಸಂಜೆ ಬಸ್ ತಪ್ಪುತ್ತೆ. ಹಾಗಾಗಿ ವ್ಯಾಕ್ಯೂಮ್ ಬೇಕು ಅನ್ನೋದರಲ್ಲಿ ನಮಗೂ ಸರ್‌ಗಳಿಗೂ ಜಗಳವೇ ಇಲ್ಲ.

ಜಗಳ ಇರೋದು ಏನನ್ನ ಅಳೆದು ಆರಿಸ್ತೀವಿ ಅನ್ನೋದರಲ್ಲಿ. ಕೊಟೇಶನ್‌ಗಳನ್ನ ಹೋಲಿಸೋ ಪಟ್ಟಿಯಲ್ಲಿ ಎಲ್ಲರ ಕಣ್ಣೂ ಒಂದೇ ಕಾಲಂ ಮೇಲೆ: ಯಾವ ಪಂಪ್ ಎಷ್ಟು ಆಳದ ವ್ಯಾಕ್ಯೂಮ್ ಕೊಡುತ್ತೆ. ಹೆಚ್ಚು ಇದ್ದಷ್ಟೂ ಒಳ್ಳೇದು ಅನ್ನೋ ಲೆಕ್ಕ. ಈ ಲೆಕ್ಕ ನಮ್ಮ ಟೇಬಲ್‌ಗೆ ಹೊಂದಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

ವ್ಯಾಕ್ಯೂಮ್ ಶೀಟನ್ನ ಎಳೆದು ಹಿಡಿಯುತ್ತೆ ಅಂತ ಬಾಯಿಮಾತಲ್ಲಿ ಅಂತೀವಿ. ನಿಜವಾಗಿ ಏನೂ ಎಳೆಯಲ್ಲ. ಕೆಳಗಿನ ಗಾಳಿ ಸ್ವಲ್ಪ ತೆಗೆದರೆ ಮೇಲಿನ ಗಾಳಿ ಒತ್ತುತ್ತೆ, ಅಷ್ಟೇ. 1657ರಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿ ಓಟ್ಟೋ ಫಾನ್ ಗೆರಿಕೆ ಎರಡು ತಾಮ್ರದ ಅರ್ಧಗೋಳ ಜೋಡಿಸಿ ಒಳಗಿನ ಗಾಳಿ ತೆಗೆದು, ಎರಡು ಕಡೆ ಎಂಟೆಂಟು ಕುದುರೆ ಕಟ್ಟಿ ಎಳೆಸಿ ತೋರಿಸಿದ್ದು ಇದನ್ನೇ. ಆ ಗೋಳ ಅರ್ಧ ಮೀಟರ್ ಅಗಲದ್ದು. ಒತ್ತುವ ಬಲ ಲೆಕ್ಕ ಹಾಕಿದರೆ ಸುಮಾರು ಎರಡು ಟನ್ ಬರುತ್ತೆ. ಒಂದು ಕಡೆ ಗೋಡೆಗೆ ಕಟ್ಟಿದ್ದರೂ ಬಲ ಅಷ್ಟೇ ಇರ್ತಿತ್ತು, ಎಂಟು ಕುದುರೆ ಉಳೀತಿತ್ತು. ಆದರೆ ನೋಡೋಕೆ ಬಂದವರಿಗೆ ಅಷ್ಟು ಮಜಾ ಇರ್ತಿರಲಿಲ್ಲ ಅನ್ನಿ.

ನಾವಿರೋದು ಬೆಂಗಳೂರು, ಸಮುದ್ರಮಟ್ಟದಿಂದ 900 ಮೀಟರ್ ಮೇಲೆ. ಮಂಗಳೂರಲ್ಲಿ ಗಾಳಿಯ ಒತ್ತಡ 101 ಕಿಲೋಪ್ಯಾಸ್ಕಲ್ ಇದ್ದರೆ ಇಲ್ಲಿ ಸುಮಾರು 91. ಎಂಥಾ ಪಂಪ್ ತಂದರೂ ಇಲ್ಲಿ ಅದಕ್ಕಿಂತ ಹೆಚ್ಚು ಒತ್ತೋಕೆ ಗಾಳಿಯೇ ಇಲ್ಲ. ಗೇಜ್ ಪಾದರಸದ 30 ಇಂಚಿನವರೆಗೆ ಗುರುತು ಹಾಕಿಕೊಂಡಿರುತ್ತೆ, ನಮ್ಮ ಊರಲ್ಲಿ ಮುಳ್ಳು 27ರ ಹತ್ತಿರ ನಿಂತುಬಿಡುತ್ತೆ. ಕೊಟೇಶನ್‌ನಲ್ಲಿ ಈ ಹತ್ತು ಪರ್ಸೆಂಟ್ ಎಲ್ಲೂ ಕಾಣಲ್ಲ. ಹಾಗಂತ ಇದೇನು ದೊಡ್ಡ ತೊಂದರೆ ಅಲ್ಲ. ನಮಗೆ ಅಷ್ಟು ಆಳ ಬೇಕಾಗೋದೇ ಇಲ್ಲ.

ನೋಡಿ, ಬರೀ 20 ಕಿಲೋಪ್ಯಾಸ್ಕಲ್ ಇಳಿಸಿದರೆ ಸಾಕು, ಒಂದು ಚದರ ಸೆಂಟಿಮೀಟರ್‌ಗೆ 200 ಗ್ರಾಂ ಒತ್ತಡ ಸಿಗುತ್ತೆ. ಕೇಳೋಕೆ ಏನೂ ಅಲ್ಲ. ಆದರೆ ಎಂಟಡಿ ನಾಲ್ಕಡಿಯ ಪೂರ್ತಿ ಪ್ಲೈವುಡ್ ಶೀಟ್ ಮೇಲೆ ಅದು ಸುಮಾರು 6 ಟನ್ ಆಗುತ್ತೆ. ಆಗಲೂ ಶೀಟ್ ಕೆಳಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಗಾಳಿ ಇದ್ದೇ ಇರುತ್ತೆ. ಪಿಯುಸಿಯಲ್ಲಿ ಕನ್ನಡ ಮೀಡಿಯಂನಿಂದ ಬಂದ ಗೆಳೆಯರು ಇದಕ್ಕೆ 'ನಿರ್ವಾತ' ಅಂತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಆ ಪದ ಸಿಕ್ಕಿದ್ದು ಈಚೆಗೆ. ಚಂದದ ಪದ, ಆದರೆ ನಮ್ಮ ಟೇಬಲ್‌ಗೆ ಸ್ವಲ್ಪ ಹೆಚ್ಚಾಯ್ತು. ವಾತ ಬೇಕಾದಷ್ಟು ಉಳಿದಿರುತ್ತೆ.

ನಿಜವಾದ ಶತ್ರು ಸೋರಿಕೆ. ಎಳನೀರಿಗೆ ಸೀಳಿದ ಸ್ಟ್ರಾ ಹಾಕಿ ನೋಡಿ. ಎಷ್ಟು ಜೋರಾಗಿ ಹೀರಿದರೂ ಬರೀ ಗಾಳಿ ಬರುತ್ತೆ. ಹೀರೋ ಶಕ್ತಿ ಕಡಿಮೆ ಆಯ್ತು ಅಂತಲ್ಲ, ಸೀಳಿನಲ್ಲಿ ಬರೋ ಗಾಳಿಯನ್ನ ಬಾಯಿ ಅಷ್ಟು ಬೇಗ ತೆಗೆಯೋಕೆ ಆಗಲ್ಲ. ಟೇಬಲ್‌ನಲ್ಲೂ ಅದೇ. ಈ ಸೆಮ್‌ನಲ್ಲಿ ಆರಿಫಿಸ್ ಲೆಕ್ಕ ಮಾಡ್ತಿದ್ದೀವಲ್ಲ, 0.6 ಅಂತ ಪರೀಕ್ಷೆಗೆ ಬಾಯಿಪಾಠ ಮಾಡೋದು, ಅದನ್ನೇ ಇಲ್ಲಿ ಹಾಕಿದ್ವಿ. 20 ಕಿಲೋಪ್ಯಾಸ್ಕಲ್ ವ್ಯತ್ಯಾಸಕ್ಕೆ ಗಾಳಿ ಕಿಂಡಿಯಲ್ಲಿ ಸೆಕೆಂಡಿಗೆ 190 ಮೀಟರ್ ವೇಗದಲ್ಲಿ ನುಗ್ಗುತ್ತೆ. ಒಂದೇ ಒಂದು ಚದರ ಸೆಂಟಿಮೀಟರ್ ಕಿಂಡಿ ಇದ್ದರೆ ನಿಮಿಷಕ್ಕೆ ಹತ್ತಿರ ಹತ್ತಿರ 700 ಲೀಟರ್. 6 ಮಿ.ಮೀ. ಬಿಟ್ ಬರೀ 17 ಮಿ.ಮೀ. ದೂರ ಆರಪಾರ ಕೊಯ್ದರೆ ಅಷ್ಟು ದೊಡ್ಡ ಕಿಂಡಿ ಆಗುತ್ತೆ!

ಈಗ ಆ ಪಟ್ಟಿಯ ಕಾಲಂಗೆ ಬನ್ನಿ. ಎಸಿ ರಿಪೇರಿಯವರು ಕೈಯಲ್ಲಿ ಹಿಡಿದುಕೊಂಡು ಬರೋ ಸಣ್ಣ ವ್ಯಾಕ್ಯೂಮ್ ಪಂಪ್ ಇದೆಯಲ್ಲ, ಆಳದ ವಿಷಯದಲ್ಲಿ ಅದು ರಾಜ. ಹೆಚ್ಚುಕಮ್ಮಿ ಪೂರ್ತಿ ಗಾಳಿ ತೆಗೆಯುತ್ತೆ. ಆದರೆ ಅದು ತೆಗೆಯೋದು ನಿಮಿಷಕ್ಕೆ 50 ರಿಂದ 100 ಲೀಟರ್. ಮೇಲಿನ ಒಂದು ಕಿಂಡಿಗೆ ಅಂಥ ಪಂಪ್ ಏಳರಿಂದ ಹದಿನಾಲ್ಕು ಬೇಕು. ತೂತು ಕೊಡಕ್ಕೆ ಲೋಟದಲ್ಲಿ ನೀರು ತುಂಬಿದ ಹಾಗೆ. ಇನ್ನೊಂದು ಕಡೆ ರಿಂಗ್ ಬ್ಲೋವರ್ ಅಥವಾ ವ್ಯಾಕ್ಯೂಮ್ ಕ್ಲೀನರ್ ಮೋಟರ್ ಆಳದಲ್ಲಿ ಬಡವ, 20 ಕಿಲೋಪ್ಯಾಸ್ಕಲ್ ಆಸುಪಾಸಿನಲ್ಲೇ ಸುಸ್ತು. ಆದರೆ ಗಾಳಿ ಸಾವಿರಗಟ್ಟಲೆ ಲೀಟರ್ ಎತ್ತಿ ಹಾಕುತ್ತೆ. ಮರದ ಕೆಲಸಕ್ಕೆ ಬೇಕಾಗಿರೋದು ಈ ಎರಡನೇ ಜಾತಿ. ಕಾಲಂ ಬದಲಾಯಿಸಿ ಸಾರ್, ಉತ್ತರವೂ ಬದಲಾಗುತ್ತೆ.

ಪಂಪ್ ಅನ್ನ ಯಾಕೆ ಕೊಳ್ಳಬೇಕು ಅಂದರೆ ಅದನ್ನ ನಾವು ಮಾಡೋಕಾಗಲ್ಲ, ಮಾಡಬಾರದು ಕೂಡ. ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಒಳಗೆ ಹೋಗೋ ಗಾಳಿಯೇ ಮೋಟರನ್ನ ತಣ್ಣಗಿಡುತ್ತೆ. ಟೇಬಲ್ ಮೇಲೆ ಶೀಟ್ ಚೆನ್ನಾಗಿ ಕೂತಷ್ಟೂ ಗಾಳಿ ಕಮ್ಮಿ, ಮೋಟರ್ ಬಿಸಿ ಜಾಸ್ತಿ. ಕೆಲಸ ಚೆನ್ನಾಗಿ ಆಗ್ತಿದ್ದ ಹಾಗೆ ಸುಟ್ಟುಹೋಗೋ ಯಂತ್ರ ಅದು. ತಂಪಿಗೆ ಬೇರೆ ಫ್ಯಾನ್ ಇರೋ ಬೈಪಾಸ್ ಮೋಟರ್ ಆದರೆ ಪರವಾಗಿಲ್ಲ. ದಿನಾ ಗಂಟೆಗಟ್ಟಲೆ ಓಡಿಸೋಕೆ ರಿಂಗ್ ಬ್ಲೋವರ್ರೇ ಸರಿ. ದುಡ್ಡು ಅಲ್ಲಿ ಹಾಕಿ.

ಟೇಬಲ್ ವಿಷಯ ಬೇರೆ. ರೆಡಿಮೇಡ್ ಟೇಬಲ್‌ಗಳನ್ನ ಮಾಡಿರೋದು ಫರ್ನಿಚರ್ ಕಾರ್ಖಾನೆಗೆ. ಅಲ್ಲಿ ಪೂರ್ತಿ ಶೀಟ್ ಹಾಕ್ತಾರೆ, ಕಿಚನ್ ಕ್ಯಾಬಿನೆಟ್‌ನ ದೊಡ್ಡ ದೊಡ್ಡ ಹಲಗೆ ಕೊಯ್ತಾರೆ. ತುಂಡು ದೊಡ್ಡದಾದಷ್ಟೂ ಹಿಡಿತ ಜಾಸ್ತಿ. ನಮ್ಮ ರೌಟರ್ ಮೇಲೆ ಬರೋ ಕೆಲಸ ಏನು? ರೋಬೋ ಟೀಮ್‌ನ ಅಂಗೈ ಅಗಲದ ಪ್ಲೇಟುಗಳು, ಫೈನಲ್ ಇಯರ್‌ನವರ ಪ್ರಾಜೆಕ್ಟ್ ಡಬ್ಬ, ಯಾರೋ ತಂದ ಅರ್ಧ ಮುರಿದ ಅಕ್ರಿಲಿಕ್ ಶೀಟ್. ಮತ್ತೆ ಪ್ರತಿ ನವೆಂಬರ್ ನಮ್ಮ ಸಂಘದ ಬೋರ್ಡು.

ಈ ಬೋರ್ಡಿನ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಮ್ಮ ವಾದದ ಜೀವ ಇರೋದು ಅಲ್ಲೇ. ಇಂಗ್ಲಿಷ್ ಅಕ್ಷರ ಕೊಯ್ಯೋದು ಸುಲಭ. ಚುಕ್ಕೆ ಇರೋ ಒಂದೆರಡು ಸಣ್ಣಕ್ಷರ ಬಿಟ್ಟರೆ ಒಂದೊಂದು ಅಕ್ಷರ ಒಂದೊಂದು ದಪ್ಪ ತುಂಡು. ಕನ್ನಡ ಹಾಗಲ್ಲ. 'ಕನ್ನಡ ಸಂಘ' ಅಂತ ಕೊಯ್ಯಿರಿ. ನಕಾರದ ಒತ್ತು ಬೇರೆ ತುಂಡು, ಸಕಾರದ ಪಕ್ಕದ ಸೊನ್ನೆ ಬೇರೆ ತುಂಡು, ಆ ಸೊನ್ನೆಯ ಒಳಗಿನ ಬಿಲ್ಲೆ ಇನ್ನೊಂದು ತುಂಡು. 'ರಾಜ್ಯೋತ್ಸವ' ಅಂದರೆ ಒತ್ತು ಎರಡು, ಜೊತೆಗೆ ಓಕಾರದ ದೀರ್ಘ. ಹತ್ತು ಸೆಂ.ಮೀ. ಎತ್ತರದ ಅಕ್ಷರಕ್ಕೆ ಒತ್ತಕ್ಷರದ ಮೈ ಅಳೆದು ನೋಡಿದ್ವಿ, ಸುಮಾರು 4 ಚದರ ಸೆಂ.ಮೀ. ಬಂತು. 20 ಕಿಲೋಪ್ಯಾಸ್ಕಲ್‌ನಲ್ಲಿ ಅದರ ಮೇಲೆ ಬೀಳೋದು 800 ಗ್ರಾಂ. ಘರ್ಷಣೆಯ ಗುಣಾಂಕ 0.3 ಅಂತ ಹಿಡಿದರೆ, ಪಕ್ಕಕ್ಕೆ ತಳ್ಳದಂತೆ ತಡೆಯೋಕೆ ಉಳಿಯೋದು 240 ಗ್ರಾಂ. ತಿರುಗೋ ಬಿಟ್ ಮುಂದೆ 240 ಗ್ರಾಂ ಅಂದರೆ ಏನೂ ಇಲ್ಲ ಅಂತಲೇ. ಒತ್ತು ಹಾರಿ ಹೋಗುತ್ತೆ, ಹೋಗೋವಾಗ ಪಕ್ಕದ ಅಕ್ಷರದ ಅಂಚನ್ನೂ ಕಚ್ಚಿಕೊಂಡು ಹೋಗುತ್ತೆ. ಹೋದ ವರ್ಷ ಸಂಘದ ಬೋರ್ಡಿನಲ್ಲಿ ಒತ್ತುಗಳನ್ನ ಥರ್ಮೋಕೋಲ್‌ನಲ್ಲಿ ಮಾಡಿ ಬಣ್ಣ ಹಚ್ಚಿ ಅಂಟಿಸಿದ್ದು ಎಷ್ಟು ಜನ ಗಮನಿಸಿದಿರೋ ಗೊತ್ತಿಲ್ಲ.

ದುಬಾರಿ ಪಂಪ್ ತಂದು 80 ಕಿಲೋಪ್ಯಾಸ್ಕಲ್ ಮಾಡಿದರೆ? ಆಗಲೂ ಆ ತುಂಡಿಗೆ ಸಿಗೋದು ಒಂದು ಕಿಲೋ ಹಿಡಿತ. ಸಾಲದು. ಅಂದರೆ ದುಡ್ಡು ಸುರಿದು ಆಳ ಹೆಚ್ಚಿಸೋ ದಾರಿ ನಮ್ಮ ಕೆಲಸಕ್ಕೆ ಮುಚ್ಚಿದ ದಾರಿ. ತೆರೆದಿರೋ ದಾರಿ ಬೇರೆ: ಪೂರ್ತಿ ಆರಪಾರ ಕೊಯ್ಯಬಾರದು. ತಳದಲ್ಲಿ ಈರುಳ್ಳಿ ಸಿಪ್ಪೆಯಷ್ಟು, 0.3 ಮಿ.ಮೀ. ಪದರ ಬಿಡಬೇಕು. ಆ ಸಿಪ್ಪೆ ಎರಡು ಕೆಲಸ ಮಾಡುತ್ತೆ. ಒತ್ತನ್ನ ತಾಯಿಶೀಟಿಗೆ ಅಂಟಿಸಿ ಇಟ್ಟಿರುತ್ತೆ, ಜೊತೆಗೆ ಗಾಳಿ ಕೆಳಗೆ ನುಗ್ಗದ ಹಾಗೆ ಮುಚ್ಚಿರುತ್ತೆ. ಸೋರಿಕೆಯೇ ಇಲ್ಲ! ಕೊನೆಗೆ ಕೈಯಲ್ಲಿ ಮರಳುಕಾಗದ ಹಿಡಿದು ಉಜ್ಜಿದರೆ ಸಿಪ್ಪೆ ಹೋಗುತ್ತೆ.

ಆದರೆ 0.3 ಮಿ.ಮೀ. ಸಿಪ್ಪೆ ಎಲ್ಲಾ ಕಡೆ ಒಂದೇ ಸಮ ಉಳಿಯಬೇಕಾದರೆ ಟೇಬಲ್ ಮೇಲ್ಮೈ ಸ್ಪಿಂಡಲ್ ಓಡೋ ಮಟ್ಟಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದ ಹಾಗೆ ಇರಬೇಕು. ಕಾರ್ಖಾನೆಯಿಂದ ಬಂದ ಟೇಬಲ್ ಅಲ್ಲಿ ಎಷ್ಟೇ ಸಮತಟ್ಟಾಗಿ ಇದ್ದರೂ ನಮ್ಮ ಸ್ವಲ್ಪ ಸೊಟ್ಟ ಗ್ಯಾಂಟ್ರಿಗೆ ಅದು ಸಮ ಅಲ್ಲ. ಟೇಬಲ್ ಅನ್ನ ಮೆಷಿನ್ ಮೇಲೆ ಕೂರಿಸಿ, ಅದೇ ಮೆಷಿನ್‌ನಿಂದ ಮೇಲ್ಮೈ ಹೆರೆಯಬೇಕು. ಯಾವ ಟೇಬಲ್ ತಂದರೂ ಈ ಕೆಲಸ ತಪ್ಪಲ್ಲ. ಅದನ್ನ ಹೇಗಿದ್ರೂ ನಾವೇ ಮಾಡಬೇಕು ಅಂದಮೇಲೆ ಕೆಳಗಿನ ಪೆಟ್ಟಿಗೆಗೆ ಯಾಕೆ ಅಷ್ಟು ದುಡ್ಡು?

ನಾವು ಕಟ್ಟಬೇಕು ಅಂತಿರೋದು ತುಂಬಾ ಸರಳ. ಕೆಳಗೆ ದಪ್ಪ ಹಲಗೆ, ಅದರಲ್ಲಿ ಚೌಕುಳಿ ಕಾಲುವೆಗಳು, ಅವನ್ನ ಕೊಯ್ಯೋದೂ ಇದೇ ರೌಟರ್. ಹಲಗೆಗೆ ಎಲ್ಲಾ ಕಡೆ ಪೇಂಟ್, ಗಾಳಿ ಬಿಡದ ಹಾಗೆ. ನಾಲ್ಕು ವಲಯ, ಒಂದೊಂದಕ್ಕೂ ಪಿವಿಸಿ ಪೈಪ್, ಒಂದೊಂದು ಬಾಲ್ ವಾಲ್ವ್. ಸಣ್ಣ ತುಂಡಿಗೆ ಒಂದು ವಲಯ ಮಾತ್ರ ತೆರೆದರೆ ಆಯ್ತು. ಕಾಲುವೆಗಳ ಮೇಲೆ 12 ಮಿ.ಮೀ. ಎಂಡಿಎಫ್ ಹಾಸು. ಎಂಡಿಎಫ್ ಗಾಳಿ ಬಿಡುತ್ತೆ ಅಂದರೆ ಮೊದಲು ನಮಗೂ ನಂಬಿಕೆ ಬರಲಿಲ್ಲ. ಎರಡೂ ಮುಖಗಳ ಗಟ್ಟಿ ಪದರ ಅರ್ಧರ್ಧ ಮಿ.ಮೀ. ಹೆರೆದರೆ ಒಳಗಿನ ಸಡಿಲ ನಾರಿನ ಮೂಲಕ ಗಾಳಿ ನಿಧಾನಕ್ಕೆ ಹಾಯುತ್ತೆ. ಅಂಚುಗಳಿಗೆ ಮಾತ್ರ ಫೆವಿಕಾಲೋ ವಾರ್ನಿಷೋ ಬಳಿಯಬೇಕು, ಇಲ್ಲದಿದ್ದರೆ ಪಕ್ಕದಿಂದಲೇ ಎಲ್ಲಾ ಸೋರಿ ಹೋಗುತ್ತೆ. ಆ 'ನಿಧಾನಕ್ಕೆ' ಅನ್ನೋದೇ ಇಲ್ಲಿ ಉಪಕಾರ. ಸೋಸುಬಟ್ಟೆ ಥರ ಅದು ತಡೆ ಹಾಕೋದರಿಂದ, ಬಿಟ್ ಒಂದು ಕಡೆ ಆರಪಾರ ಕೊಯ್ದರೂ ಮೇಲೆ ಹೇಳಿದ 700 ಲೀಟರ್ ಒಮ್ಮೆಗೇ ನುಗ್ಗಲ್ಲ.

ಇದೆಲ್ಲಾ ಬರೀ ಬಾಯಿಮಾತಲ್ಲ. ಒಂದಡಿ ಚೌಕದ ಒಂದು ಪರೀಕ್ಷಾ ಹಲಗೆ ಈಗಾಗಲೇ ಇದೆ. ಎಸ್‌ಪಿ ರೋಡ್ ಕಡೆ ಹುಡುಕಿ ತಂದ ಬೈಪಾಸ್ ಮೋಟರ್, ಒಂದು ಗೇಜ್, ಅಷ್ಟೇ. ಅಕ್ರಿಲಿಕ್ ಶೀಟ್ ಪೂರ್ತಿ ಮುಚ್ಚಿದಾಗ ಗೇಜ್ 17 ಕಿಲೋಪ್ಯಾಸ್ಕಲ್ ತೋರಿಸ್ತು. ಕಾಲು ಊರಿ ಪಕ್ಕಕ್ಕೆ ತಳ್ಳಿದರೂ ಶೀಟ್ ಅಲುಗಲಿಲ್ಲ. ಅರ್ಧ ಹಲಗೆ ಮಾತ್ರ ಮುಚ್ಚಿದಾಗ 6ಕ್ಕೆ ಇಳೀತು. ಬಿಟ್ಟ ಜಾಗದ ಮೇಲೆ ಫೆಸ್ಟ್‌ನಲ್ಲಿ ಉಳಿದ ಫ್ಲೆಕ್ಸ್ ಬ್ಯಾನರ್ ತುಂಡು ಹಾಸಿದ್ವಿ, ಮತ್ತೆ 15. ನಾಲ್ಕು ಪೈಸೆ ಖರ್ಚಿಲ್ಲ. ಮಳೆಗಾಲದಲ್ಲಿ ಸೊಟ್ಟಗಾದ ಪ್ಲೈವುಡ್ ಇಟ್ಟಾಗ 8, ಮೂಲೆಗಳನ್ನ ಕೈಯಲ್ಲಿ ಒತ್ತಿ ಕೂರಿಸಿದ ಮೇಲೆ 13. ಮೋಟರ್ ಅದೇ, ವೋಲ್ಟೇಜ್ ಅದೇ. ಬದಲಾಗಿದ್ದು ಸೋರಿಕೆ ಒಂದೇ.

ವ್ಯಾಕ್ಯೂಮ್ ಎಲ್ಲಕ್ಕೂ ಔಷಧಿ ಅಂತ ನಾವು ಹೇಳ್ತಿಲ್ಲ. ದೇವರಮನೆ ಬಾಗಿಲಿಗೆ ಜಾಲಿ ಕಟಿಂಗ್ ಮಾಡೋ ಅಂಗಡಿಗಳಲ್ಲಿ ಸ್ಕ್ರೂ ಹೊಡೆದೇ ಕೆಲಸ ಮಾಡೋರನ್ನ ನೋಡಿದ್ದೀವಿ, ಅವರು ಮಾಡೋದು ಸರಿ. ಜಾಲಿ ಅಂದರೆ ನೂರಾರು ಕಿಂಡಿ. ಅದರ ಕೆಳಗೆ ಯಾವ ಪಂಪ್ ತಾನೇ ನಿಲ್ಲುತ್ತೆ?

ಈಗ ಆಕ್ಷೇಪಗಳು. ಮೊದಲನೇದು, ನೀವು ಪಾಸ್ ಔಟ್ ಆದಮೇಲೆ ಯಾರು ನೋಡ್ಕೋತಾರೆ ಅನ್ನೋದು. ಮೇಲಿನ ಎಂಡಿಎಫ್ ಹಾಸು ಸವೆಯೋ ವಸ್ತು, ಕೊಂಡ ಟೇಬಲ್‌ನಲ್ಲೂ ಅದನ್ನ ಹೆರೆಯಬೇಕು, ಬದಲಾಯಿಸಬೇಕು. ಅದನ್ನ ತಿಳಿದವರು ಲ್ಯಾಬ್‌ನಲ್ಲಿ ಯಾವಾಗಲೂ ಇರಲೇಬೇಕು. ಕಟ್ಟಿದವರ ಜೊತೆ ನಿಂತ ಜೂನಿಯರ್‌ಗಳಿಗೆ ವಾಲ್ವ್ ಸೋರಿದರೆ ಟೆಫ್ಲಾನ್ ಟೇಪ್ ಸುತ್ತೋದು ಗೊತ್ತಿರುತ್ತೆ. ಕೊಂಡ ಟೇಬಲ್ ಆದರೆ ಸರ್ವಿಸ್ ಇಂಜಿನಿಯರ್‌ಗೆ ಫೋನ್ ಮಾಡಿ ಕಾಯಬೇಕು. ನಮ್ಮ ಲ್ಯಾಬ್‌ನಲ್ಲಿ ಬಟ್ಟೆ ಹೊದ್ದು ಕಾಯ್ತಾ ಕೂತಿರೋ ಮೆಷಿನ್‌ಗಳು ಈಗಾಗಲೇ ಎರಡಿವೆ.

ಎರಡನೇದು ಸುರಕ್ಷತೆ. ಇದರಲ್ಲಿ ನಾವು ವಾದ ಮಾಡಲ್ಲ, ಸರ್‌ಗಳು ಹೇಳೋದು ಸರಿಯೇ. ಕೊಯ್ತಾ ಇರುವಾಗ ಬ್ಲೋವರ್ ಟ್ರಿಪ್ ಆದರೆ ಹಿಡಿತ ಕ್ಷಣದಲ್ಲಿ ಹೋಗುತ್ತೆ, ಸ್ಪಿಂಡಲ್ ಮಾತ್ರ ಗಿರ್ರಂತ ತಿರುಗ್ತಾನೇ ಇರುತ್ತೆ. ಆದ್ದರಿಂದ ಒತ್ತಡದ ಸ್ವಿಚ್ ಒಂದು ಬೇಕೇ ಬೇಕು: ನಿಗದಿ ಮಾಡಿದ ಮಟ್ಟಕ್ಕಿಂತ ವ್ಯಾಕ್ಯೂಮ್ ಇಳಿದ ತಕ್ಷಣ ಕಂಟ್ರೋಲರ್‌ನ ಫೀಡ್ ಹೋಲ್ಡ್‌ಗೆ ಸಿಗ್ನಲ್ ಹೋಗಬೇಕು. ಆ ಮಟ್ಟ ಮುಟ್ಟೋವರೆಗೆ ಸ್ಪಿಂಡಲ್ ಶುರುವೇ ಆಗಬಾರದು. ಕರೆಂಟ್ ಹೋದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ ನಿಜ, ಆದರೆ ಸ್ಪಿಂಡಲ್ ಪೂರ್ತಿ ನಿಲ್ಲೋಕೆ ಇನ್ನೂ ಕೆಲವು ಸೆಕೆಂಡ್ ಬೇಕು, ಅದಕ್ಕೇ ಮುಂದೆ ಪಾಲಿಕಾರ್ಬೊನೇಟ್ ಗುರಾಣಿ. ಪಂಪ್‌ಗೆ ಹೋಗೋ ಪೈಪ್‌ನಲ್ಲಿ ಫಿಲ್ಟರ್, ಎಂಡಿಎಫ್ ಧೂಳು ಒಳಗೆ ಹೋಗದ ಹಾಗೆ. ಕಿವಿಗೆ ಮಫ್. ಇವೆಲ್ಲಾ ಹಾಕಿ ಇನ್‌ಸ್ಟ್ರಕ್ಟರ್ ಸರ್ ಸಹಿ ಮಾಡೋವರೆಗೆ ನಾವು ಸ್ವಿಚ್ ಮುಟ್ಟಲ್ಲ. ಬರೆದುಕೊಡೋಕೂ ರೆಡಿ.

ಮೂರನೇದು, ಇದರಲ್ಲಿ ಇಂಜಿನಿಯರಿಂಗ್ ಏನಿದೆ, ಮರಗೆಲಸ ತಾನೇ ಅಂತ ಒಬ್ಬರು ಅಂದರು. ಆರಿಫಿಸ್, ಘರ್ಷಣೆ, ಪಂಪ್ ಕರ್ವ್, ಸೆನ್ಸರ್, ಇಂಟರ್‌ಲಾಕ್, ಇವು ಇಂಜಿನಿಯರಿಂಗ್ ಅಲ್ಲದಿದ್ದರೆ ನಾವು ಪರೀಕ್ಷೆಯಲ್ಲಿ ಬರೀತಿರೋದು ಏನು ಅಂತ ಅವರೇ ಹೇಳಬೇಕು. ಅಲ್ಲದೆ ಮರಗೆಲಸ ಅನ್ನೋದು ಬೈಗುಳ ಯಾವಾಗ ಆಯ್ತೋ ನಮಗೆ ಗೊತ್ತಾಗಲಿಲ್ಲ.

ಸಮಯದ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕು. ಇಂಟರ್ನಲ್ಸ್ ಮುಗಿದ ಮೇಲೆ ಶುರು ಮಾಡಿದರೆ ಆರು ವಾರ ಬೇಕು. ಕೊಂಡರೆ ಎರಡು ವಾರದಲ್ಲಿ ಬರಬಹುದು. ಈ ಸೆಮ್‌ನ ಬ್ಯಾಚ್‌ಗೆ ಕ್ಲ್ಯಾಂಪ್ ಕಾಟ ಇನ್ನೂ ಸ್ವಲ್ಪ ದಿನ ತಪ್ಪಲ್ಲ, ಆ ಬ್ಯಾಚ್ ನಮ್ಮದೇ. ನಾವು ಒಪ್ಪಿದ್ದೀವಿ.

ಡಿಪಾರ್ಟ್‌ಮೆಂಟ್ ಮೀಟಿಂಗ್‌ಗೆ ಮುಂಚೆ ಸರ್‌ಗಳು, ಮೇಡಂಗಳು ಒಂದು ಸಲ ಬಂದು ಪರೀಕ್ಷಾ ಹಲಗೆ ನೋಡಿದರೆ ಸಾಕು. ಬುಧವಾರ ಎರಡರಿಂದ ನಾಲ್ಕು, ರೌಟರ್ ಪಕ್ಕದ ಬೆಂಚಿನ ಮೇಲೆ ಇರುತ್ತೆ. ಬೇಕಾದ ಶೀಟ್ ನೀವೇ ತನ್ನಿ, ಸೊಟ್ಟಗಿದ್ದರೆ ಇನ್ನೂ ಒಳ್ಳೇದು. ಸಂಘದವರು ಫೆಸ್ಟ್‌ನ ಹಳೇ ಫ್ಲೆಕ್ಸ್‌ಗಳನ್ನ ಬಿಸಾಕದೆ ವರ್ಕ್‌ಶಾಪ್‌ಗೆ ತಂದುಕೊಡಿ, ನಾಲ್ಕು ವಲಯಕ್ಕೂ ಬೇಕಾಗುತ್ತೆ.